ಸಿಹಿನೀರಿನ ಸಿಗಡಿ ಸಾಕಣೆಯಲ್ಲಿ ಪ್ರಿಬಯಾಟಿಕ್ ಪೂರಕಗಳು

ಸಾಕಿದ ಪ್ರಾಣಿ ತಾನು ಜೀರ್ಣಿಸಿಕೊಳ್ಳಲಾಗದ, ಆದರೆ ಅದರ ಕರುಳಿನಲ್ಲಿರುವ ಕೆಲವೇ ಬಗೆಯ ಸೂಕ್ಷ್ಮಜೀವಿಗಳು ಉಂಡು ಬೆಳೆದು ಆ ಪ್ರಾಣಿಗೆ ಒಳಿತು ಮಾಡುವಂಥ ಆಹಾರಾಂಶವೇ ಪ್ರಿಬಯಾಟಿಕ್. ಕ್ರೇಫಿಶ್, ಸಿಹಿನೀರಿನ ಸಿಗಡಿ ಮೊದಲಾದ ಕಠಿಣಚರ್ಮಿಗಳ ಸಾಕಣೆಯಲ್ಲಿ ಇದನ್ನು ಗುಳಿಗೆ ಆಹಾರದೊಂದಿಗೆ ಅಲ್ಪ ಪ್ರಮಾಣದಲ್ಲಿ ಬೆರೆಸಿ ಕೊಡುತ್ತಾರೆ. ಕರುಳಿನ ಗೋಡೆ ಗಟ್ಟಿಯಾಗಿರಬೇಕು, ರೋಗಾಣುಗಳಿಗೆ ಅಲ್ಲಿ ನೆಲೆ ಸಿಗಬಾರದು, ಆ್ಯಂಟಿಬಯಾಟಿಕ್ ಬಳಸುವ ಸಂದರ್ಭವೇ ಬರಬಾರದು ಎಂಬುದು ಇದರ ಉದ್ದೇಶ. ಕಲಬುರಗಿ ಮತ್ತು ಕಮಲಾಪುರದ ಸುತ್ತ ಕ್ರೇಫಿಶ್ ಇಲ್ಲ. ಅಲ್ಲಿನ ನೀರಿಗೆ ಹೊಂದುವ ಜೀವಿ ಸಿಹಿನೀರಿನ ಸಿಗಡಿ. ಪ್ರಿಬಯಾಟಿಕ್ ಗುಣವಿರುವ ಸಕ್ಕರೆಗಳು ಈ ಸೀಮೆಯ ದಾಲ್ ಮಿಲ್ಲುಗಳ ಹೊಟ್ಟು-ನುಚ್ಚಿನ ರಾಶಿಯಲ್ಲೇ ಇರುವುದರಿಂದ ವಿಷಯಕ್ಕೆ ಇಲ್ಲಿ ವಿಶೇಷ ಮಹತ್ವವಿದೆ.

ಪದ ಮತ್ತು ವ್ಯಾಖ್ಯೆ

ಪ್ರಿಬಯಾಟಿಕ್ ಎಂಬ ಪದವನ್ನು ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರೋಬರ್‌ಫ್ರಾಯ್ಡ್ 1995ರಲ್ಲಿ ಬಳಕೆಗೆ ತಂದರು. ಅವರ ಗಮನವಿದ್ದದ್ದು ಮನುಷ್ಯರ ದೊಡ್ಡ ಕರುಳಿನ ಮೇಲೆ. 2017ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ವೈಜ್ಞಾನಿಕ ಸಂಘ ವ್ಯಾಖ್ಯೆಯನ್ನು ಹಿಗ್ಗಿಸಿತು: ಆತಿಥೇಯ ಜೀವಿಯ ಸೂಕ್ಷ್ಮಾಣುಗಳು ಆಯ್ದು ಬಳಸುವ, ಅದರಿಂದ ಆರೋಗ್ಯಕ್ಕೆ ಲಾಭವಾಗುವ ಯಾವುದೇ ಪದಾರ್ಥ ಪ್ರಿಬಯಾಟಿಕ್. ‘ಆಯ್ದು’ ಎಂಬ ಮಾತು ಇಲ್ಲಿ ಮುಖ್ಯ. ಎಲ್ಲ ಬ್ಯಾಕ್ಟೀರಿಯಾಗಳೂ ಸಮನಾಗಿ ತಿಂದು ಬೆಳೆಯುವ ಸಕ್ಕರೆ ಈ ಹೆಸರಿಗೆ ಅರ್ಹವಲ್ಲ.

ಮಾರುಕಟ್ಟೆಯಲ್ಲಿ ಮೂರು ಹೆಸರುಗಳು ಒಂದರ ಜಾಗದಲ್ಲಿ ಮತ್ತೊಂದು ಓಡಾಡುತ್ತವೆ. ಜೀವಂತ ಬ್ಯಾಕ್ಟೀರಿಯಾ ಅಥವಾ ಯೀಸ್ಟನ್ನೇ ಕೊಟ್ಟರೆ ಅದು ಪ್ರೊಬಯಾಟಿಕ್; ಅವು ತಿನ್ನುವ ಆಹಾರವನ್ನು ಕೊಟ್ಟರೆ ಪ್ರಿಬಯಾಟಿಕ್; ಎರಡನ್ನೂ ಕೂಡಿಸಿ ಕೊಟ್ಟರೆ ಸಿನ್‌ಬಯಾಟಿಕ್. ಬಿತ್ತನೆ ಬೀಜಕ್ಕೂ ಗೊಬ್ಬರಕ್ಕೂ ಇರುವಷ್ಟೇ ವ್ಯತ್ಯಾಸ ಮೊದಲೆರಡರ ನಡುವೆ ಇದೆ. ಕೊಳದ ನೀರಿಗೆ ಸುರಿಯುವ ಬ್ಯಾಕ್ಟೀರಿಯಾ ಪುಡಿಗಳು ಬೇರೆಯೇ ಗುಂಪು. ಅವುಗಳ ಕೆಲಸ ತಳದ ಕೆಸರು ಮತ್ತು ಅಮೋನಿಯಾದ ಮೇಲೆ, ಸಿಗಡಿಯ ಕರುಳಿನ ಮೇಲಲ್ಲ.

ಹಿನ್ನೆಲೆ

ಪದ ಹೊಸದಾದರೂ ಪದಾರ್ಥ ಹಳೆಯದು. ಇನ್ಯುಲಿನ್ ಎಂಬ ಫ್ರಕ್ಟೋಸ್ ಸರಪಳಿಯನ್ನು ಜರ್ಮನಿಯ ವ್ಯಾಲೆಂಟಿನ್ ರೋಸ್ 1804ರಲ್ಲಿ ಇನ್ಯುಲ ಸಸ್ಯದ ಬೇರಿನಿಂದ ಬೇರ್ಪಡಿಸಿದ್ದ. ಅದರ ಚಿಕ್ಕ ಸರಪಳಿಯ ರೂಪಗಳು 1980ರ ದಶಕದಲ್ಲಿ ಜಪಾನಿನಲ್ಲಿ ಉದ್ಯಮವಾಗಿ ಬೆಳೆದವು.

ಇವು ಪ್ರಾಣಿಗಳ ಆಹಾರಕ್ಕೆ ಬಂದದ್ದಕ್ಕೆ ಮುಖ್ಯ ಕಾರಣ ಆ್ಯಂಟಿಬಯಾಟಿಕ್ ಕುರಿತ ಭಯ. ಬೆಳವಣಿಗೆ ಹೆಚ್ಚಿಸಲೆಂದು ಪಶು ಆಹಾರದಲ್ಲಿ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಸಂಪೂರ್ಣ ನಿಷೇಧಿಸಿತು. ಅದಕ್ಕೂ ಮುಂಚೆ, 2000ದ ದಶಕದ ಆರಂಭದಲ್ಲೇ, ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಶೇಷ ಸಿಕ್ಕಿತೆಂದು ಏಷ್ಯಾದ ಸಿಗಡಿ ಸರಕು ಯುರೋಪಿನ ಬಂದರುಗಳಿಂದ ವಾಪಸಾಗಿತ್ತು.

ಈ ಎಚ್ಚರಿಕೆಗೆ ಕರ್ನಾಟಕದಲ್ಲೇ ಆಧಾರವಿತ್ತು. 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜಾದ ಮಂಗಳೂರಿನ ಸಂಸ್ಥೆಯಲ್ಲಿ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು 1994ರಲ್ಲಿ ಒಂದು ವರದಿ ಪ್ರಕಟಿಸಿದರು. ಮರಿ ಉತ್ಪಾದನಾ ಕೇಂದ್ರದಲ್ಲಿ ಹುಲಿಸಿಗಡಿಯ ಮರಿಗಳು ರಾಶಿರಾಶಿಯಾಗಿ ಸತ್ತದ್ದಕ್ಕೆ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಕಾರಣವಾಗಿತ್ತು. ಅದು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ತಳಿಯಾಗಿತ್ತು. ಔಷಧಿ ಕೈಕೊಡಬಲ್ಲದು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ರೋಗಾಣುವನ್ನು ಕೊಲ್ಲುವ ಬದಲು ಅದಕ್ಕೆ ಜಾಗ ಸಿಗದಂತೆ ಮಾಡುವ ದಾರಿಗಳ ಹುಡುಕಾಟದಲ್ಲಿ ಪ್ರಿಬಯಾಟಿಕ್ ಒಂದು.

ಸಾಕಣೆಯ ಪ್ರಾಣಿಗಳು

ಕ್ರೇಫಿಶ್ ಎಂದರೆ ಸಿಹಿನೀರಿನಲ್ಲಿ ಬಾಳುವ, ಲಾಬ್‌ಸ್ಟರ್‌ನ ಹತ್ತಿರದ ಬಂಧು. ಉತ್ತರ ಅಮೆರಿಕ, ಯುರೋಪ್, ಪೂರ್ವ ಏಷ್ಯಾ, ಆಸ್ಟ್ರೇಲಿಯಾ, ಮಡಗಾಸ್ಕರ್‌ಗಳಲ್ಲಿ ಇದರ ಸ್ಥಳೀಯ ಜಾತಿಗಳಿವೆ. ಭಾರತ ಉಪಖಂಡದಲ್ಲಿ ಒಂದೂ ಇಲ್ಲ. ಸಾಕಣೆಯಲ್ಲಿ ಅತಿ ದೊಡ್ಡದು ಅಮೆರಿಕದ ಕೆಂಪು ಕ್ರೇಫಿಶ್, ಪ್ರೊಕ್ಯಾಂಬರಸ್ ಕ್ಲಾರ್ಕಿ. ಜಪಾನಿನ ಮೂಲಕ ಚೀನಾಕ್ಕೆ ಹೋದ ಇದನ್ನು ಅಲ್ಲಿ ಭತ್ತದ ಗದ್ದೆಗಳಲ್ಲಿ ಬೆಳೆಸಿ ಇಂದು ವರ್ಷಕ್ಕೆ 20 ಲಕ್ಷ ಟನ್‌ಗಿಂತ ಹೆಚ್ಚು ತೆಗೆಯುತ್ತಾರೆ. ಆಸ್ಟ್ರೇಲಿಯಾದ ರೆಡ್‌ಕ್ಲಾ, ಯಾಬಿ ಮತ್ತು ಮ್ಯಾರನ್, ಟರ್ಕಿಯಿಂದ ಇರಾನ್‌ವರೆಗಿನ ಕಿರುಕೊಂಡಿಯ ಕ್ರೇಫಿಶ್ ಉಳಿದ ಮುಖ್ಯ ಸಾಕುಜಾತಿಗಳು.

ಭಾರತದಲ್ಲಿ ಆ ಸ್ಥಾನ ಮ್ಯಾಕ್ರೊಬ್ರಾಕಿಯಂ ಕುಲದ ಸಿಗಡಿಗಳದು. ವ್ಯಾಪಾರದಲ್ಲಿ ಸ್ಕ್ಯಾಂಪಿ ಎನ್ನಿಸಿಕೊಳ್ಳುವ, ನೀಲಿ ಕೊಂಡಿಯ ಮ್ಯಾಕ್ರೊಬ್ರಾಕಿಯಂ ರೋಸೆನ್‌ಬರ್ಗಿ ಇವುಗಳಲ್ಲಿ ದೊಡ್ಡದು. ಗೋದಾವರಿ, ಕೃಷ್ಣಾ ಮೊದಲಾದ ಪೂರ್ವಕ್ಕೆ ಹರಿಯುವ ನದಿಗಳ ಸಿಗಡಿ ಮ್ಯಾಕ್ರೊಬ್ರಾಕಿಯಂ ಮಾಲ್ಕಮ್ಸೋನಿ ಇನ್ನೊಂದು. ಕಲಬುರಗಿ ಜಿಲ್ಲೆಯ ಭೀಮಾ ಕೃಷ್ಣೆಗೆ ಸೇರುವ ನದಿಯಾದ್ದರಿಂದ ಎರಡನೆಯದು ಈ ಜಲಾನಯನಕ್ಕೆ ಹೊರಗಿನದಲ್ಲ. ಊರಿನ ದಖನಿ ಮಾತಿನಲ್ಲಿ ಸಿಗಡಿಗೆ ಝಿಂಗಾ ಎನ್ನುತ್ತಾರೆ.

ಸ್ಕ್ಯಾಂಪಿ ಸಾಕಣೆಗೆ ದಾರಿ ತೆರೆದವರು ಶಾವ್-ವೆನ್ ಲಿಂಗ್. 1960ರ ದಶಕದ ಆರಂಭದಲ್ಲಿ ಮಲೇಷ್ಯಾದಲ್ಲಿ ಅವರು ಈ ಸಿಗಡಿಯ ಎಳೆಮರಿಗಳು ಬದುಕಲು ಸ್ವಲ್ಪ ಉಪ್ಪುನೀರು ಬೇಕೆಂದು ಕಂಡುಕೊಂಡರು. ಹವಾಯಿಯಲ್ಲಿ ತಕುಜಿ ಫುಜಿಮುರಾ ಅದನ್ನು ದೊಡ್ಡ ಪ್ರಮಾಣದ ಮರಿ ಉತ್ಪಾದನೆಯಾಗಿ ಬೆಳೆಸಿದರು. ಈ ಒಂದು ಜೈವಿಕ ಸಂಗತಿಯಿಂದಾಗಿ ಒಳನಾಡಿನ ರೈತ ಇಂದಿಗೂ ಮರಿಗಾಗಿ ಹೆಚ್ಚಾಗಿ ಕರಾವಳಿಯನ್ನೇ ನೆಚ್ಚಬೇಕಾಗಿದೆ. ಮರಿ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಕೊಳ ಸೇರುತ್ತದೆ; ಅಷ್ಟು ಹೊತ್ತಿಗೆ ಅದು ಬಳಲಿರುತ್ತದೆ.

ಜೀರ್ಣಾಂಗದ ರಚನೆ

ಟಿ. ಎಚ್. ಹಕ್ಸ್ಲಿ 1880ರಲ್ಲಿ ಪ್ರಾಣಿಶಾಸ್ತ್ರದ ಪ್ರವೇಶಕ್ಕೆಂದು ಬರೆದ ಪುಸ್ತಕಕ್ಕೆ ಕ್ರೇಫಿಶ್ಶನ್ನೇ ವಸ್ತುವಾಗಿ ಆರಿಸಿಕೊಂಡಿದ್ದ. ಭಾರತದ ಪದವಿ ತರಗತಿಗಳಲ್ಲಿ ಆ ಜಾಗಕ್ಕೆ ಬಂದದ್ದು ನದಿಸಿಗಡಿ, ಎಸ್. ಎಸ್. ಪಟವರ್ಧನ್ ಅವರ 1937ರ ‘ಪ್ಯಾಲೀಮಾನ್’ ಅದರ ಅಂಗರಚನೆಯ ಮೂಲಗ್ರಂಥ. ಈ ಎರಡು ಪ್ರಾಣಿಗಳ ಜೀರ್ಣಾಂಗಗಳು ಒಂದೇ ನಕ್ಷೆಯವು, ಆದರೆ ಒಂದೇ ಅಳತೆಯವಲ್ಲ. ಕ್ರೇಫಿಶ್ ಮೇಲಿನ ಪ್ರಯೋಗದ ಫಲವನ್ನು ಸಿಗಡಿಗೆ ಅನ್ವಯಿಸುವಾಗ ಈ ವ್ಯತ್ಯಾಸ ತಿಳಿದಿರಬೇಕು.

ಎರಡರಲ್ಲೂ ಕರುಳಿಗೆ ಮೂರು ಭಾಗ. ಮುಂಗರುಳಿನಲ್ಲಿ ಗಿಡ್ಡ ಅನ್ನನಾಳ ಮತ್ತು ಎರಡು ಕೋಣೆಗಳ ಜಠರವಿದೆ. ಕ್ರೇಫಿಶ್‌ನ ಜಠರದೊಳಗೆ ಮೂರು ಹಲ್ಲುಗಳ ಅರೆಯುವ ಯಂತ್ರವೇ ಇದೆ. ನದಿಸಿಗಡಿಯ ಜಠರದಲ್ಲಿ ಅಂಥ ಹಲ್ಲುಗಳಿಲ್ಲ. ದವಡೆಗಳು ಕತ್ತರಿಸಿ ಅರೆದದ್ದನ್ನು ಬಾಣದಾಕಾರದ ಫಲಕ ಮತ್ತು ಬಾಚಣಿಗೆಯಂಥ ರೋಮಸಾಲುಗಳು ಸೋಸುತ್ತವೆ. ಸೋಸಿದ ನುಣ್ಣನೆಯ ರಸವಷ್ಟೇ ಯಕೃತ್ತು ಮತ್ತು ಮೇದೋಜೀರಕ ಎರಡರ ಕೆಲಸವನ್ನೂ ಮಾಡುವ ದೊಡ್ಡ ಗ್ರಂಥಿಗೆ ಹೋಗುತ್ತದೆ. ಸಾಕಣೆದಾರರು ಇದನ್ನು ಹೆಪಟೋಪ್ಯಾಂಕ್ರಿಯಾಸ್ ಎಂದೇ ಕರೆಯುತ್ತಾರೆ. ತಲೆಚಿಪ್ಪಿನ ಮೇಲಿಂದಲೇ ಕಾಣುವ ಇದರ ಬಣ್ಣ ಮತ್ತು ಗಾತ್ರ ಸಿಗಡಿಯ ಆರೋಗ್ಯದ ಮೊದಲ ಸೂಚಕ.

ಮುಂಗರುಳಿಗೂ ಹಿಂಗರುಳಿಗೂ ಒಳಗಡೆ ಕೈಟಿನ್ ಹೊದಿಕೆಯಿದೆ. ಪ್ರಾಣಿ ಪೊರೆ ಕಳಚುವಾಗ ಹೊರಚಿಪ್ಪಿನೊಡನೆ ಈ ಹೊದಿಕೆಯೂ ಕಳಚಿ ಬೀಳುತ್ತದೆ. ಅದಕ್ಕೆ ಅಂಟಿದ್ದ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಹಾಗಾಗಿ ಕಠಿಣಚರ್ಮಿಯ ಕರುಳಿನ ಸೂಕ್ಷ್ಮಜೀವಿಗಳ ಊರು ಮತ್ತೆ ಮತ್ತೆ ಕಟ್ಟಿಕೊಳ್ಳಬೇಕಾದ ಊರು. ನಡುಗರುಳಿಗೆ ಕೈಟಿನ್ ಹೊದಿಕೆಯಿಲ್ಲ, ಆಹಾರವನ್ನು ಸುತ್ತುವರಿದ ತೆಳು ಪೊರೆಯೊಂದೇ ಕಾವಲು. ಕ್ರೇಫಿಶ್‌ನಲ್ಲಿ ನಡುಗರುಳು ತೀರ ಚಿಕ್ಕದು, ಹಿಂಗರುಳೇ ಉದ್ದ. ಸಿಗಡಿಯಲ್ಲಿ ನಡುಗರುಳು ಉದ್ದವಾಗಿ ಹೊಟ್ಟೆಯ ಬೆನ್ನಿಗುಂಟ ಸಾಗುತ್ತದೆ. ರೋಗಾಣು ಒಳನುಗ್ಗಲು ಸಿಗುವ ಮೆತ್ತನೆಯ ಜಾಗ ಸಿಗಡಿಯಲ್ಲಿ ಹೆಚ್ಚು ಎಂದೇ ಇದರ ಅರ್ಥ.

ಕರುಳಿನ ಸೂಕ್ಷ್ಮಜೀವಿಗಳು

ನೀರಿನ ಪ್ರಾಣಿಯ ಕರುಳು ಕೊಳದಿಂದ ಬೇರೆಯಾಗಿ ಮುಚ್ಚಿದ ಕೋಣೆಯಲ್ಲ. ನೀರು, ಕೆಸರು, ಆಹಾರ, ಪೊರೆ ಎಲ್ಲವೂ ಬಾಯಿಯ ಮೂಲಕ ಒಳಗೆ ಹೋಗುತ್ತವೆ. ಕ್ರೇಫಿಶ್ ಮತ್ತು ಸಿಗಡಿಗಳ ಕರುಳಿನಲ್ಲಿ ಪ್ರೋಟಿಯೊಬ್ಯಾಕ್ಟೀರಿಯಾ ಗುಂಪಿನವು ಸಾಮಾನ್ಯವಾಗಿ ಹೆಚ್ಚು. ಫರ್ಮಿಕ್ಯೂಟ್, ಬ್ಯಾಕ್ಟೀರಾಯ್ಡೀಟ್, ಟೆನೆರಿಕ್ಯೂಟ್ ಗುಂಪಿನವೂ ಇರುತ್ತವೆ. ಅವಕಾಶ ಸಿಕ್ಕರೆ ರೋಗ ತರುವ ಏರೋಮೊನಾಸ್ ಮತ್ತು ವಿಬ್ರಿಯೊ ಬ್ಯಾಕ್ಟೀರಿಯಾಗಳು ಆರೋಗ್ಯವಾದ ಪ್ರಾಣಿಯಲ್ಲೂ ಇರುವುದುಂಟು. ಅವು ಇವೆಯೋ ಇಲ್ಲವೋ ಎನ್ನುವುದಕ್ಕಿಂತ ಅವುಗಳ ಪಾಲು ಎಷ್ಟು ಎಂಬುದೇ ಮುಖ್ಯ.

ಹಾಲಿನಾಮ್ಲ ಬ್ಯಾಕ್ಟೀರಿಯಾಗಳೆಲ್ಲ ಮಿತ್ರರು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅದೇ ವರ್ಗದ ಲ್ಯಾಕ್ಟೊಕಾಕಸ್ ಗಾರ್ವಿಯೆ ತೈವಾನಿನ ಸ್ಕ್ಯಾಂಪಿ ಕೊಳಗಳಲ್ಲಿ ಸಾವು ತಂದ ರೋಗಾಣು. ಒಂದು ಪ್ರಿಬಯಾಟಿಕ್ ಯಾವ ಬ್ಯಾಕ್ಟೀರಿಯಾವನ್ನು ಬೆಳೆಸಿತು ಎಂಬುದನ್ನು ಜಾತಿಯ ಮಟ್ಟದಲ್ಲೇ ನೋಡಬೇಕಾಗುತ್ತದೆ.

ಬಗೆಗಳು

ಬಳಕೆಯಲ್ಲಿರುವ ಪ್ರಿಬಯಾಟಿಕ್‌ಗಳಲ್ಲಿ ಹೆಚ್ಚಿನವು ಸಕ್ಕರೆ ಅಣುಗಳ ಚಿಕ್ಕ ಅಥವಾ ನಡುಗಾತ್ರದ ಸರಪಳಿಗಳು. ಮನುಷ್ಯರ ಮಟ್ಟಿಗೆ ಹೆಚ್ಚು ಪರಿಚಿತವಾದವು ಇನ್ಯುಲಿನ್ ಮತ್ತು ಫ್ರಕ್ಟೊ-ಆಲಿಗೋಸ್ಯಾಕರೈಡ್‌ಗಳು. ಚಿಕೋರಿ ಬೇರು, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಇವು ಸಮೃದ್ಧ, ಬಾಳೆಹಣ್ಣಿನಲ್ಲಿ ಅಲ್ಪ. ಹಾಲಿನ ಲ್ಯಾಕ್ಟೋಸ್‌ನಿಂದ ಗ್ಯಾಲಕ್ಟೊ-ಆಲಿಗೋಸ್ಯಾಕರೈಡ್ ತಯಾರಾಗುತ್ತದೆ. ಮೆಕ್ಕೆಜೋಳದ ದಿಂಡು, ಕಬ್ಬಿನ ಸಿಪ್ಪೆಯಂಥ ನಾರುಳ್ಳ ತ್ಯಾಜ್ಯದಿಂದ ಕ್ಸೈಲೊ-ಆಲಿಗೋಸ್ಯಾಕರೈಡ್ ಸಿಗುತ್ತದೆ.

ಕಠಿಣಚರ್ಮಿಗಳಲ್ಲಿ ಹೆಚ್ಚು ಪರೀಕ್ಷೆಯಾದದ್ದು ಮ್ಯಾನನ್-ಆಲಿಗೋಸ್ಯಾಕರೈಡ್. ಇದು ಬ್ರೆಡ್ ಮತ್ತು ಮದ್ಯಸಾರದ ಉದ್ಯಮಗಳಲ್ಲಿ ಬಳಸುವ ಯೀಸ್ಟ್, ಸ್ಯಾಕರೊಮೈಸಿಸ್ ಸೆರೆವಿಸಿಯೆಯ ಕೋಶಭಿತ್ತಿಯಿಂದ ಬರುತ್ತದೆ. ಅದೇ ಕೋಶಭಿತ್ತಿಯ ಒಳಪದರದಲ್ಲಿರುವ ಬೀಟಾ-ಗ್ಲೂಕಾನ್ ಅನ್ನು ಪ್ರಿಬಯಾಟಿಕ್ ಎನ್ನಬೇಕೋ ರೋಗನಿರೋಧ ಪ್ರಚೋದಕ ಎನ್ನಬೇಕೋ ಎಂಬ ಬಗ್ಗೆ ಒಮ್ಮತವಿಲ್ಲ. ಅದರ ಮುಖ್ಯ ಪರಿಣಾಮ ನೇರವಾಗಿ ರಕ್ತಕೋಶಗಳ ಮೇಲೆ ಆಗುವುದರಿಂದ ಎರಡನೆಯ ಹೆಸರೇ ಹೆಚ್ಚು ಸೂಕ್ತ.

ಇನ್ನುಳಿದದ್ದು ಬೇಳೆಕಾಳುಗಳ ಗುಂಪು: ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್. ತೊಗರಿ, ಕಡಲೆ, ಸೋಯಾಗಳಲ್ಲಿ ಇವು ಸಹಜವಾಗಿಯೇ ಇವೆ. ಇವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ; ಬೇಳೆ ಹೆಚ್ಚು ತಿಂದಾಗ ಹೊಟ್ಟೆ ಉಬ್ಬುವುದು ಇವು ದೊಡ್ಡ ಕರುಳಿನಲ್ಲಿ ಹುದುಗುವುದರಿಂದ.

ಕೆಲಸ ಮಾಡುವ ಬಗೆ

ಮೊದಲ ಬಗೆ ಹುದುಗುವಿಕೆ. ಕೆಲವು ಬ್ಯಾಕ್ಟೀರಿಯಾಗಳು ಈ ಸಕ್ಕರೆಗಳನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಬಿಡುತ್ತವೆ. ಕರುಳಿನ ಆಮ್ಲತೆ ಸ್ವಲ್ಪ ಏರುತ್ತದೆ, ಹುಳಿಯನ್ನು ಸಹಿಸದ ರೋಗಾಣುಗಳು ಹಿಂದೆ ಸರಿಯುತ್ತವೆ, ಬ್ಯುಟಿರಿಕ್ ಆಮ್ಲ ಕರುಳಿನ ಗೋಡೆಯ ಕೋಶಗಳಿಗೇ ಇಂಧನವಾಗುತ್ತದೆ.

ಎರಡನೆಯದು ಮೋಸದ ಗಾಳ ಎನ್ನಬಹುದಾದ ತಂತ್ರ. ಅನೇಕ ರೋಗಾಣುಗಳು ಮೈಮೇಲಿನ ಕೂದಲಿನಂಥ ಎಳೆಗಳಿಂದ ಕರುಳಿನ ಗೋಡೆಯ ಮ್ಯಾನೋಸ್ ಸಕ್ಕರೆಯನ್ನು ಹಿಡಿದು ಅಂಟಿಕೊಳ್ಳುತ್ತವೆ. ಯೀಸ್ಟ್ ಭಿತ್ತಿಯ ಮ್ಯಾನನ್ ಚೂರುಗಳು ಅದೇ ಸಕ್ಕರೆಯನ್ನು ಹೊತ್ತು ಕರುಳಿನಲ್ಲಿ ತೇಲುತ್ತಿದ್ದರೆ ರೋಗಾಣು ಗೋಡೆಯ ಬದಲು ಆ ಚೂರನ್ನು ಹಿಡಿದು ಮಲದೊಡನೆ ಹೊರಗೆ ಹೋಗುತ್ತದೆ.

ಮೂರನೆಯದು ರೋಗನಿರೋಧ. ಕಠಿಣಚರ್ಮಿಗಳಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ, ಹಿಂದಿನ ರೋಗದ ನೆನಪನ್ನು ಹೊತ್ತ ಬಿಳಿರಕ್ತಕಣಗಳೂ ಇಲ್ಲ. ಇರುವುದು ರಕ್ತದಲ್ಲಿನ ಮೂರು ಬಗೆಯ ಕೋಶಗಳು ಮತ್ತು ಪ್ರೊಫಿನಾಲ್‌ಆಕ್ಸಿಡೇಸ್ ಎಂಬ ಕಿಣ್ವವ್ಯವಸ್ಥೆ. ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಗೋಡೆಯ ಅಣು ಎದುರಾದ ಕೂಡಲೇ ಇದು ಎಚ್ಚೆತ್ತು ಅದರ ಸುತ್ತ ಕಪ್ಪು ಮೆಲನಿನ್ ಕಟ್ಟುತ್ತದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಕೆನೆತ್ ಸೋಡರ್‌ಹಾಲ್ ಮತ್ತು ಸಹೋದ್ಯೋಗಿಗಳು ಇದರ ಬಹುಭಾಗವನ್ನು ಬಿಡಿಸಿ ತೋರಿಸಿದ್ದು ಕ್ರೇಫಿಶ್‌ನಲ್ಲೇ. ಯೀಸ್ಟ್ ಭಿತ್ತಿಯ ಸಕ್ಕರೆಗಳನ್ನು ಸಿಗಡಿಯ ದೇಹ ಶಿಲೀಂಧ್ರವೆಂದೇ ಗುರುತಿಸಿ ಎಚ್ಚರಗೊಳ್ಳುತ್ತದೆ. ಎಚ್ಚರವನ್ನು ತಿಂಗಳುಗಟ್ಟಲೆ ಬಿಡದೆ ಕಾಯ್ದುಕೊಳ್ಳಲು ಶಕ್ತಿ ವ್ಯಯವಾಗುತ್ತದೆ. ಬೀಟಾ-ಗ್ಲೂಕಾನ್ ಅನ್ನು ನಿರಂತರ ಕೊಟ್ಟಾಗ ಪ್ರತಿಕ್ರಿಯೆ ಕುಗ್ಗಿದ ವರದಿಗಳು ಇರುವುದು ಇದರಿಂದಲೇ. ಅದಕ್ಕಾಗಿ ಕೆಲವರು ನಡುನಡುವೆ ಬಿಡುವು ಕೊಟ್ಟು ಬಳಸುತ್ತಾರೆ.

ಪ್ರಯೋಗಗಳ ಫಲ

ಪಶ್ಚಿಮ ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮ್ಯಾರನ್ ಕ್ರೇಫಿಶ್‌ಗೆ ಮ್ಯಾನನ್-ಆಲಿಗೋಸ್ಯಾಕರೈಡ್ ಕೊಡಲಾಯಿತು. ಬಳಿಕ ಬ್ಯಾಕ್ಟೀರಿಯಾ ಸೋಂಕು, ನೀರಿನಿಂದ ಹೊರಗಿಡುವುದು ಮೊದಲಾದ ಕಷ್ಟಗಳಿಗೆ ಅವನ್ನು ಒಡ್ಡಿದಾಗ ಪೂರಕ ತಿಂದವು ಹೆಚ್ಚು ಸಂಖ್ಯೆಯಲ್ಲಿ ಉಳಿದವು. ಯಾಬಿಯ ಮೇಲಿನ ಅದೇ ತಂಡದ ಕೆಲಸದಲ್ಲೂ ಉಳಿವು ಮತ್ತು ಜೀರ್ಣಕಿಣ್ವಗಳ ಚಟುವಟಿಕೆ ಸುಧಾರಿಸಿತು. ಟರ್ಕಿ ಮತ್ತು ಇರಾನಿನ ಸಂಶೋಧಕರು ಕಿರುಕೊಂಡಿಯ ಕ್ರೇಫಿಶ್‌ನ ಮರಿಗಳಲ್ಲಿ ಮ್ಯಾನನ್ ಮತ್ತು ಫ್ರಕ್ಟೊ-ಆಲಿಗೋಸ್ಯಾಕರೈಡ್‌ಗಳಿಂದ ಬೆಳವಣಿಗೆ, ಜೀರ್ಣಶಕ್ತಿ ಮತ್ತು ರೋಗನಿರೋಧ ಹೆಚ್ಚಿದ್ದನ್ನು ದಾಖಲಿಸಿದರು.

ಇದಕ್ಕೆ ಹೊಂದದ ಫಲಗಳೂ ಇವೆ, ಮತ್ತು ಅವು ಅಷ್ಟೇ ಮುಖ್ಯ. ಅಮೆರಿಕದ ಟೆಕ್ಸಾಸ್‌ನಲ್ಲಿ ವೆನಾಮಿ ಎಂಬ ಸಮುದ್ರ ಸಿಗಡಿಗೆ ಚಿಕ್ಕ ಸರಪಳಿಯ ಫ್ರಕ್ಟೊ-ಆಲಿಗೋಸ್ಯಾಕರೈಡ್ ಕೊಟ್ಟ, 2007ರಲ್ಲಿ ವರದಿಯಾದ ಪ್ರಯೋಗದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಸಂಯೋಜನೆ ಬದಲಾಯಿತು, ರೋಗನಿರೋಧದ ಕೆಲವು ಸೂಚಕಗಳು ಏರಿದವು, ಆದರೆ ತೂಕ ಹೆಚ್ಚಲಿಲ್ಲ. ಆ ಸಿಗಡಿಗಳು ಬೆಳೆದದ್ದು ಸೋಸಿ ಮರುಬಳಸುವ ಸ್ವಚ್ಛ ನೀರಿನಲ್ಲಿ. ಎಲ್ಲ ಫಲಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಒಲವು ಕಾಣುತ್ತದೆ: ಕಷ್ಟವಿಲ್ಲದ ಕಡೆ ಪ್ರಿಬಯಾಟಿಕ್‌ನ ಲಾಭ ಅಲ್ಪ, ಸಾಗಾಟ, ಬಿಸಿಲು, ದಟ್ಟಣೆ, ಸೋಂಕು ಇರುವ ಕಡೆ ಅದು ಎದ್ದು ಕಾಣುತ್ತದೆ. ಬೆಳವಣಿಗೆಯ ಟಾನಿಕ್ ಎಂದು ಮಾರುವುದಕ್ಕಿಂತ ಕಷ್ಟಕಾಲದ ಆಸರೆ ಎಂದು ಬಳಸುವುದೇ ಪ್ರಯೋಗಗಳಿಗೆ ನಿಷ್ಠವಾದ ದಾರಿ.

ಬಳಸುವ ಕ್ರಮ

ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಪ್ರತಿ ಕಿಲೋ ಆಹಾರಕ್ಕೆ 1ರಿಂದ 5 ಗ್ರಾಂ ಪೂರಕ ಬಳಕೆಯಾಗಿದೆ. 3 ಗ್ರಾಂ ಲೆಕ್ಕದಲ್ಲಿ ಒಂದು ಟನ್ ಆಹಾರಕ್ಕೆ 3 ಕಿಲೋ ಬೇಕು. ಒಂದು ಕಿಲೋ ಸಿಗಡಿ ಬೆಳೆಯಲು ಎರಡು ಕಿಲೋ ಆಹಾರ ಹಿಡಿದರೆ, ಒಂದು ಟನ್ ಫಸಲಿಗೆ 6 ಕಿಲೋ ಪೂರಕ. ಪ್ರಮಾಣ ಹೆಚ್ಚಿಸಿದಷ್ಟೂ ಫಲ ಹೆಚ್ಚುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಬೆಳವಣಿಗೆ ನಿಲ್ಲುವುದೂ, ಇಳಿಯುವುದೂ ಕಂಡಿದೆ.

ಬೆರೆಸುವುದರಲ್ಲಿ ಮೀನಿಗೂ ಸಿಗಡಿಗೂ ದೊಡ್ಡ ವ್ಯತ್ಯಾಸವಿದೆ. ಮೀನು ಗುಳಿಗೆಯನ್ನು ನುಂಗುತ್ತದೆ. ಸಿಗಡಿ ಅದನ್ನು ಕಾಲುಗಳಲ್ಲಿ ಹಿಡಿದು ಚೂರು ಚೂರಾಗಿ ಕಚ್ಚಿ ನಿಧಾನ ತಿನ್ನುತ್ತದೆ, ಅದೂ ಹೆಚ್ಚಾಗಿ ರಾತ್ರಿ ಹೊತ್ತು. ಅಷ್ಟರಲ್ಲಿ ನೀರಿನಲ್ಲಿ ಸುಲಭವಾಗಿ ಕರಗುವ ಫ್ರಕ್ಟೊ-ಆಲಿಗೋಸ್ಯಾಕರೈಡ್‌ನ ಬಹುಪಾಲು ಗುಳಿಗೆಯಿಂದ ಸೋರಿ ಕೊಳ ಸೇರಿರುತ್ತದೆ. ಕರಗದ ಯೀಸ್ಟ್ ಭಿತ್ತಿಗೆ ಈ ತೊಂದರೆ ಕಡಿಮೆ. ಕರಗುವ ಬಗೆಗಳನ್ನು ಗುಳಿಗೆ ತಯಾರಿಸುವಾಗಲೇ ಅಂಟುವಸ್ತುವಿನೊಡನೆ ಸೇರಿಸಬೇಕು, ಅಥವಾ ಸಿಂಪಡಿಸಿದ ಮೇಲೆ ಮೀನೆಣ್ಣೆಯ ತೆಳು ಲೇಪ ಕೊಟ್ಟು ನೆರಳಲ್ಲಿ ಒಣಗಿಸಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ಕೊಳಕ್ಕೆ ಎರಚಿದರೆ ಅದು ಸಿಗಡಿಯ ಕರುಳಿಗೆ ತಲುಪುವುದು ತೀರ ಕಡಿಮೆ.

ಕಲಬುರಗಿ ಮತ್ತು ಕಮಲಾಪುರ

ಕಲಬುರಗಿ ಜಿಲ್ಲೆ ಭೀಮಾ ನದಿಯ ಜಲಾನಯನದಲ್ಲಿದೆ. ಕಾಗಿಣಾ, ಅಮರ್ಜಾ, ಬೆಣ್ಣೆತೊರಾ, ಮುಲ್ಲಾಮಾರಿ ಅದರ ಉಪನದಿಗಳು. ಹೇರೂರು ಬಳಿಯ ಬೆಣ್ಣೆತೊರಾ ಜಲಾಶಯ, ಆಳಂದ ತಾಲ್ಲೂಕಿನ ಅಮರ್ಜಾ, ಚಿಂಚೋಳಿಯ ಚಂದ್ರಂಪಳ್ಳಿ, ಕಮಲಾಪುರ ಕಡೆಯ ಗಂಡೋರಿ ನಾಲಾ ಇಲ್ಲಿನ ಮುಖ್ಯ ಜಲಸಂಗ್ರಹಗಳು. ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ಮೊದಲು ಕಲಬುರಗಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರ.

ಇಲ್ಲಿನ ಕಪ್ಪು ಎರೆಭೂಮಿಯಲ್ಲಿ ಜೇಡಿಯ ಅಂಶ ಹೆಚ್ಚು. ಒಮ್ಮೆ ನೆನೆದು ಉಬ್ಬಿದರೆ ಕೊಳದ ತಳ ನೀರು ಹಿಡಿದುಕೊಳ್ಳುತ್ತದೆ, ಒಣಗಿದರೆ ಬಿರಿಯುತ್ತದೆ. ಮಳೆ ವರ್ಷಕ್ಕೆ ಸುಮಾರು 750 ಮಿ.ಮೀ., ಅದರಲ್ಲಿ ಹೆಚ್ಚಿನದು ಮುಂಗಾರಿನದು. ಮೇ ತಿಂಗಳಲ್ಲಿ ಗಾಳಿಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸ್ಕ್ಯಾಂಪಿಗೆ ಹಿತವಾದ ನೀರಿನ ತಾಪ 26ರಿಂದ 31 ಡಿಗ್ರಿ. ಆದ್ದರಿಂದ ಕೃಷಿ ಹೊಂಡ ಮತ್ತು ಸಣ್ಣ ಕೊಳಗಳಲ್ಲಿ ಸಾಕಣೆಯ ಕಾಲ ಮುಂಗಾರಿನಿಂದ ಚಳಿಗಾಲದ ಕೊನೆಯವರೆಗೆ ಮಾತ್ರ. ಬೇಸಿಗೆಯಲ್ಲಿ ನೀರು ಇಳಿದು ಬಿಸಿಯೇರುವಾಗ, ಆಮ್ಲಜನಕ ಕುಸಿಯುವಾಗ, ಅವಕಾಶ ಕಾಯುವ ಏರೋಮೊನಾಸ್‌ಗೆ ಹಬ್ಬ. ಕರಾವಳಿಯಿಂದ ಮರಿ ಬಂದಿಳಿದ ಮೊದಲ ವಾರಗಳು, ತಾಪ ಏರುವ ಕೊನೆಯ ವಾರಗಳು: ಈ ಎರಡು ಅವಧಿಗಳಿಗೆ ಪೂರಕವನ್ನು ಸೀಮಿತಗೊಳಿಸುವುದು ಖರ್ಚಿನ ದೃಷ್ಟಿಯಿಂದಲೂ ಪ್ರಯೋಗಗಳ ಒಲವಿನ ದೃಷ್ಟಿಯಿಂದಲೂ ಒಪ್ಪುವ ಕ್ರಮ.

ಕಚ್ಚಾವಸ್ತುವಿನ ವಿಷಯದಲ್ಲಿ ಈ ಸೀಮೆಗೆ ಸಮನಾದದ್ದು ಕಡಿಮೆ. ತೊಗರಿಯ ಕಣಜ ಎನ್ನಿಸಿಕೊಂಡ ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಸಾಂಪ್ರದಾಯಿಕ ಮಿಲ್ಲಿನಲ್ಲಿ ನೂರು ಕಿಲೋ ತೊಗರಿಯಿಂದ 70ರಿಂದ 75 ಕಿಲೋ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಹಿಟ್ಟು. ಮಿಲ್ಲಿನ ಮಾತಿನಲ್ಲಿ ಚುನ್ನಿ. ಇದು ದನದ ದಾಣಿಯಾಗಿ ಮಾರಾಟವಾಗುತ್ತದೆ. ನುಚ್ಚು-ಹಿಟ್ಟಿನ ಭಾಗದಲ್ಲಿ ಪ್ರೋಟೀನಿನ ಜೊತೆಗೆ ರಾಫಿನೋಸ್ ಬಳಗದ ಸಕ್ಕರೆಗಳಿವೆ. ಹೊಟ್ಟಿನದು ಹೆಚ್ಚಾಗಿ ಕರಗದ ನಾರು. ಸಿಗಡಿಗೆ ಅದರಿಂದ ಪ್ರಯೋಜನ ಕಡಿಮೆ.

ಆದರೆ ಚುನ್ನಿಯನ್ನು ಹಾಗೆಯೇ ಕೊಳಕ್ಕೆ ಹಾಕುವುದು ಪ್ರಿಬಯಾಟಿಕ್ ಬಳಕೆಯಲ್ಲ. ಹಸಿ ತೊಗರಿಯಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡಿಯಾಗುವ ಟ್ರಿಪ್ಸಿನ್ ನಿರೋಧಕವಿದೆ. ಹಬೆಯಲ್ಲಿ ಬೇಯಿಸಿದರೆ ಅದು ಬಹುಮಟ್ಟಿಗೆ ಹೋಗುತ್ತದೆ. ನೆನೆಸಿ ನೀರು ಚೆಲ್ಲಿದರೆ ಬೇಕಾದ ಸಕ್ಕರೆಗಳೂ ಆ ನೀರಿನೊಡನೆ ಹೋಗುತ್ತವೆ. ಮನೆಯಲ್ಲಿ ಹೊಟ್ಟೆ ಉಬ್ಬರ ತಪ್ಪಿಸಲು ಮಾಡುವ ಕೆಲಸ ಇಲ್ಲಿ ಉಲ್ಟಾ ಆಗುತ್ತದೆ. ನೆನೆಸದೆ ಹಬೆಯಲ್ಲಿ ಬೇಯಿಸಿ ಗುಳಿಗೆಗೆ ಸೇರಿಸುವುದೇ ಸರಿ. ಮಿಲ್ಲಿನಲ್ಲಿ ಸಿಪ್ಪೆ ಬಿಡಿಸಲು ಎಣ್ಣೆ ಹಚ್ಚುವ ಪದ್ಧತಿಯಿರುವುದರಿಂದ ಹಳೆಯ ಚುನ್ನಿ ಕಮಟಾಗಿರಬಹುದು. ಸರಿಯಾಗಿ ಒಣಗಿಸದಿದ್ದರೆ ಬೂಷ್ಟಿನಿಂದ ಅಫ್ಲಟಾಕ್ಸಿನ್ ಬರಬಹುದು. ಸಿಗಡಿಯ ಹೆಪಟೋಪ್ಯಾಂಕ್ರಿಯಾಸ್‌ಗೆ ಅದು ನೇರ ವಿಷ.

ಕಮಲಾಪುರದ ಹೆಸರು ಹೊರಗೆ ಗೊತ್ತಿರುವುದು ಅಲ್ಲಿನ ಕೆಂಬಾಳೆಯಿಂದ. ಅದಕ್ಕೂ ಭೌಗೋಳಿಕ ಸೂಚಿಕೆಯಿದೆ. ಬಾಳೆಕಾಯಿಯಲ್ಲಿರುವ ಪಿಷ್ಟದ ದೊಡ್ಡ ಪಾಲು ಜೀರ್ಣಕ್ಕೆ ಬಗ್ಗದ ಪಿಷ್ಟ. ಅದೂ ಕರುಳಿನಲ್ಲಿ ಹುದುಗುವಂಥದ್ದೇ. ಹಣ್ಣಾದಂತೆ ಅದು ಸಕ್ಕರೆಯಾಗಿ ಮಾರ್ಪಡುವುದರಿಂದ ಉಪಯೋಗಕ್ಕೆ ಬರುವುದು ಗೊನೆಯಿಂದ ತೆಗೆದುಹಾಕುವ ಎಳೆಯ, ಗಾಯಗೊಂಡ ಹಸಿರು ಕಾಯಿ. ಬೇಯಿಸಿದರೂ ಈ ಪಿಷ್ಟ ಜೀರ್ಣವಾಗುವ ರೂಪಕ್ಕೆ ತಿರುಗುತ್ತದೆ. ಹೆಚ್ಚಿ ಕಡಿಮೆ ಬಿಸಿಯಲ್ಲಿ ಒಣಗಿಸಿ ಪುಡಿ ಮಾಡಿದರೆ ಉಳಿಯುತ್ತದೆ. ಕೆಂಬಾಳೆಯ ಬೆಲೆಯನ್ನು ನೋಡಿದರೆ ಒಳ್ಳೆಯ ಕಾಯಿಯನ್ನು ಸಿಗಡಿಗೆ ಹಾಕುವ ಪ್ರಶ್ನೆಯಿಲ್ಲ. ಜೋಳದ ತೌಡಿನಲ್ಲಿ ಅರಾಬಿನೊಕ್ಸೈಲಾನ್ ಇದೆ. ಆಳಂದ, ಅಫಜಲಪುರ ಕಡೆಯ ಸಕ್ಕರೆ ಕಾರ್ಖಾನೆಗಳ ಕಾಕಂಬಿ ಯೀಸ್ಟ್ ಬೆಳೆಸಲು ಒಗ್ಗುವ ಮೂಲ.

ಮಿತಿಗಳು

ಪ್ರಿಬಯಾಟಿಕ್ ವೈರಾಣುವಿಗೆ ಮದ್ದಲ್ಲ. ಕ್ರೇಫಿಶ್, ಸಿಗಡಿ ಎರಡನ್ನೂ ಬಾಧಿಸುವ ಬಿಳಿಚುಕ್ಕೆ ರೋಗ, ಭಾರತದ ಸ್ಕ್ಯಾಂಪಿ ಮರಿಗಳಲ್ಲಿ ಕಾಣಿಸಿಕೊಂಡ ಬಿಳಿಬಾಲ ರೋಗ ಇವುಗಳಿಗೆ ಪರೀಕ್ಷಿಸಿದ ಶುದ್ಧ ಮರಿಯೇ ರಕ್ಷಣೆ. ಕೆಟ್ಟ ನೀರು, ಅತಿಯಾದ ಆಹಾರ, ತಳದ ಕೆಸರು ಇವುಗಳ ಪರಿಣಾಮವನ್ನೂ ಪೂರಕ ಅಳಿಸಲಾರದು.

ಫಲವನ್ನು ಅಳೆಯುವುದರಲ್ಲೂ ಸ್ಕ್ಯಾಂಪಿಯಲ್ಲಿ ತೊಡಕಿದೆ. ಒಂದೇ ಕೊಳದ ಗಂಡುಗಳಲ್ಲಿ ನೀಲಿಕೊಂಡಿಯ ದೊಡ್ಡವು, ಕಿತ್ತಳೆಕೊಂಡಿಯ ನಡುಗಾತ್ರದವು, ಕುಳ್ಳವು ಎಂಬ ಶ್ರೇಣಿ ತಾನಾಗಿಯೇ ಏರ್ಪಡುತ್ತದೆ. ದೊಡ್ಡ ಗಂಡುಗಳ ದಬ್ಬಾಳಿಕೆಯಿಂದ ಆದ ತೂಕದ ವ್ಯತ್ಯಾಸವನ್ನು ಪೂರಕದ ಫಲವೆಂದು ತಪ್ಪು ತಿಳಿಯುವುದು ಸುಲಭ. ಪೂರಕವಿಲ್ಲದ ಜೋಡಿ ಕೊಳ, ಹೆಣ್ಣು-ಗಂಡುಗಳ ಬೇರೆ ತೂಕ, ಒಟ್ಟು ಉಳಿದವುಗಳ ಎಣಿಕೆ ಇಲ್ಲದ ಯಾವ ಹೇಳಿಕೆಯನ್ನೂ ಫಲಿತಾಂಶವೆಂದು ಒಪ್ಪಲಾಗದು.

ಕ್ರೇಫಿಶ್ಶನ್ನೇ ತಂದು ಸಾಕಬಹುದಲ್ಲ ಎಂಬ ಪ್ರಶ್ನೆಗೆ ಉತ್ತರ ಅದರ ಇತಿಹಾಸದಲ್ಲಿದೆ. ಕೆಂಪು ಕ್ರೇಫಿಶ್ ಹೋದಲ್ಲೆಲ್ಲ ಬದುಗಳಲ್ಲಿ ಬಿಲ ಕೊರೆದು, ಸ್ಥಳೀಯ ಜೀವಿಗಳನ್ನು ತಿಂದು, ರೋಗ ಹರಡಿದೆ. ಯುರೋಪಿನ ಸ್ಥಳೀಯ ಕ್ರೇಫಿಶ್‌ಗಳು ಅಮೆರಿಕದ ಜಾತಿಗಳು ಹೊತ್ತು ತಂದ ‘ಕ್ರೇಫಿಶ್ ಪ್ಲೇಗ್’ ರೋಗಕ್ಕೆ ಬಲಿಯಾದವು. 2016ರಲ್ಲಿ ಯುರೋಪಿಯನ್ ಒಕ್ಕೂಟ ಕೆಂಪು ಕ್ರೇಫಿಶ್ಶನ್ನು ಆಕ್ರಮಣಕಾರಿ ಜಾತಿಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ವಿದೇಶಿ ಜಲಚರಗಳನ್ನು ತರಲು ಸರ್ಕಾರದ ಅನುಮತಿ ಬೇಕು. 2000ದಲ್ಲಿ ನಿಷೇಧವಾದ ಆಫ್ರಿಕನ್ ಕ್ಯಾಟ್‌ಫಿಶ್ ಇಂದಿಗೂ ಕೆರೆಗಳಿಂದ ಹೋಗಿಲ್ಲ. ಬೆಣ್ಣೆತೊರಾದ ಏರಿಗೆ ಬಿಲ ಕೊರೆಯುವ ಜೀವಿಯನ್ನು ಬಿಡುವುದು ಸರಿಪಡಿಸಲಾಗದ ತಪ್ಪಾಗುತ್ತದೆ.

ಇಂದಿನ ಸ್ಥಿತಿ

ಭಾರತದ ಸ್ಕ್ಯಾಂಪಿ ಉತ್ಪಾದನೆ 2005–06ರ ಹೊತ್ತಿಗೆ 40 ಸಾವಿರ ಟನ್ ದಾಟಿ, ನಂತರ ರೋಗ, ಕುಗ್ಗಿದ ತಳಿ ಮತ್ತು ವೆನಾಮಿಯ ಆಕರ್ಷಣೆಯಿಂದ ತೀವ್ರವಾಗಿ ಕುಸಿಯಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಆಯ್ಕೆ ಸಂವರ್ಧನೆಯಿಂದ ‘ಸಿಫಾ-ಜಿಐ ಸ್ಕ್ಯಾಂಪಿ’ ಎಂಬ ಸುಧಾರಿತ ತಳಿಯನ್ನು ರೂಪಿಸಿದೆ. ಅದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಸರಘಟ್ಟದಲ್ಲಿದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ ಒಳನಾಡಿನ ಕೊಳ, ಬಯೋಫ್ಲಾಕ್ ತೊಟ್ಟಿ, ಆಹಾರ ಘಟಕಗಳಿಗೆ ಸಹಾಯಧನ ಒದಗಿಸಿದೆ.

ಕಲಬುರಗಿ ಭಾಗದ ಜಲಾಶಯ ಮತ್ತು ಕೆರೆಗಳಲ್ಲಿ ಈಗಲೂ ಮುಖ್ಯವಾದವು ಕಾಟ್ಲಾ, ರೋಹು, ಮೃಗಾಲ್. ಸಿಗಡಿಯನ್ನು ಸಾಕುವುದಾದರೆ ಕಾಟ್ಲಾ-ರೋಹುಗಳ ಜೊತೆ ಮಿಶ್ರ ಸಾಕಣೆಯಾಗಿ ಸಾಕುವುದು ಅಪಾಯ ಕಡಿಮೆಯ ದಾರಿ. ತಳದಲ್ಲೇ ಮೇಯುವ ಮೃಗಾಲ್ ಸಿಗಡಿಗೆ ಪೈಪೋಟಿ ಕೊಡುವುದರಿಂದ ಅದನ್ನು ಕಡಿಮೆ ಬಿಡುತ್ತಾರೆ. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಅದರಡಿಯ ಮಂಗಳೂರಿನ ಕಾಲೇಜು ಮತ್ತು ವಿಜಯಪುರ ಬಳಿಯ ಭೂತನಾಳದ ಒಳನಾಡು ಮೀನುಗಾರಿಕೆ ಕೇಂದ್ರ ಈ ಭಾಗಕ್ಕೆ ಸಲ್ಲುವ ಪರಿಣತ ಸಂಸ್ಥೆಗಳು. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರ ರೈತರಿಗೆ ಹತ್ತಿರದ್ದು. ಪೇಟೆಯಲ್ಲಿ ಸಿಗುವ ಯೀಸ್ಟ್ ಭಿತ್ತಿಯ ಪೂರಕಗಳು ವೆನಾಮಿ ಮತ್ತು ಕೋಳಿ ಆಹಾರಕ್ಕೆಂದು ತಯಾರಾದವು. ತೊಗರಿಯ ಚುನ್ನಿಯಿಂದ ಸಿಗಡಿಗೆ ಪೂರಕ ಮಾಡಲು ಆಗಬೇಕಾದ ಕೆಲಸ ಹೀಗಿದೆ: ಬೇರೆ ಬೇರೆ ಮಿಲ್ಲಿನ ಚುನ್ನಿಯಲ್ಲಿ ಆಲಿಗೋಸ್ಯಾಕರೈಡ್ ಮತ್ತು ಅಫ್ಲಟಾಕ್ಸಿನ್ ಅಳೆಯುವುದು, ಹಬೆಯ ಹೊತ್ತನ್ನು ನಿಗದಿ ಮಾಡುವುದು, ಗುಳಿಗೆಯಿಂದ ಸೋರುವ ಪ್ರಮಾಣ ನೋಡುವುದು, ಕೊನೆಗೆ ಎರೆಭೂಮಿಯ ಜೋಡಿ ಕೊಳಗಳಲ್ಲಿ ಒಂದು ಮುಂಗಾರಿನಿಂದ ಮುಂದಿನ ಬೇಸಿಗೆಯ ತನಕ ಸಾಕಿ ಎಣಿಸುವುದು.